“ಆಯ್ತ್ರಿ, ಕಳಸ್ರಿ” ಅಂದರೆ ಕರಾರು ಆಯಿತಾ? ವ್ಯಾಪಾರದ ಖರೀದಿಯಲ್ಲಿ ಆಫರ್ ಮತ್ತು ಒಪ್ಪಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಪಂಪ್ ಕಾರ್ಖಾನೆಯಲ್ಲಿ ಖರೀದಿ ವಿಭಾಗ ನೋಡಿಕೊಂಡು ಬಹಳ ವರ್ಷ ಕೆಲಸ ಮಾಡಿದ್ದೇನೆ. ತಾರಿಹಾಳದ ವರ್ಕ್‌ಶಾಪ್‌ನವರು, ಅಮರಗೋಳ ಎಪಿಎಂಸಿಯ ಅಂಗಡಿಯವರು, ಗದಗಿನ ಪ್ರಿಂಟಿಂಗ್ ಪ್ರೆಸ್‌ನವರು, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಎಲ್ಲದರ ಬುಡ ಒಂದೇ. ಕರಾರು ಯಾವ ಗಳಿಗೆಯಲ್ಲಿ ಹುಟ್ಟಿತು ಅನ್ನುವುದು ಕೊಂಡವರಿಗೂ ಗೊತ್ತಿರುವುದಿಲ್ಲ, ಮಾರಿದವರಿಗೂ ಗೊತ್ತಿರುವುದಿಲ್ಲ. ಮಾಲು ಬಂದು ರೊಕ್ಕ ಸಂದಾಯ ಆಗುತ್ತಿದ್ದರೆ ಅದನ್ನು ಯಾರೂ ಕೇಳುವುದೂ ಇಲ್ಲ. ಪೇಟೆಯಲ್ಲಿ ದರ ಏರಿದ ದಿನ ಮಾತ್ರ ಎಲ್ಲರೂ ಹಳೇ ಮೆಸೇಜು ಹುಡುಕಲು ಕೂರುತ್ತಾರೆ.

ಸ್ಟಾಂಪ್ ಪೇಪರ್ ಮೇಲೆ ಬರೆದು ಸಹಿ ಮಾಡಿದರೆ ಮಾತ್ರ ಕರಾರು ಅಲ್ವಾ?

ಅಲ್ಲ. ಮಾಲು ಕೊಳ್ಳುವ ಮಾರುವ ವ್ಯವಹಾರಕ್ಕೆ ಬಾಯಿಮಾತೂ ಸಾಕು. 1872ರ ಭಾರತೀಯ ಕರಾರು ಕಾಯ್ದೆ ಕೇಳುವುದು ಇಷ್ಟು: ಒಬ್ಬರು ಆಫರ್ ಇಡಬೇಕು, ಇನ್ನೊಬ್ಬರು ಅದನ್ನು ಒಪ್ಪಬೇಕು, ಎರಡೂ ಕಡೆಯಿಂದ ಏನಾದರೂ ಕೊಡುವುದು ತೆಗೆದುಕೊಳ್ಳುವುದು ಇರಬೇಕು, ಇಬ್ಬರೂ ವಯಸ್ಸಿಗೆ ಬಂದವರಾಗಿ, ಬುದ್ಧಿ ಸರಿ ಇದ್ದು, ಮನಸಾರೆ ಒಪ್ಪಿರಬೇಕು, ಉದ್ದೇಶ ಕಾನೂನಿಗೆ ವಿರುದ್ಧ ಇರಬಾರದು. ಇದು ಕಲಂ 10ರ ತಿರುಳು. 1930ರ ಸರಕು ಮಾರಾಟ ಕಾಯ್ದೆಯ ಕಲಂ 5 ಇನ್ನೂ ಬಿಡಿಸಿ ಹೇಳುತ್ತದೆ. ಕರಾರು ಬರಹದಲ್ಲಿ ಇರಬಹುದು, ಬಾಯಿಮಾತಿನಲ್ಲಿ ಇರಬಹುದು, ಅರ್ಧ ಬರಹ ಅರ್ಧ ಮಾತು ಇರಬಹುದು, ಇಬ್ಬರೂ ನಡೆದುಕೊಂಡ ರೀತಿಯಿಂದಲೂ ಹುಟ್ಟಬಹುದು.

ಬರಹ ಬೇಕಾಗುವುದು ಆಮೇಲೆ ತೋರಿಸಲು. ಕೋರ್ಟಿನಲ್ಲಿ “ಅವರು ಹಿಂಗ ಅಂದಿದ್ರು” ಅಂತ ಸಾಬೀತು ಮಾಡುವುದು ಎಷ್ಟು ಕಷ್ಟ ಅನ್ನುವುದು ಒಮ್ಮೆ ಅಲ್ಲಿಗೆ ಹೋಗಿ ಬಂದವರಿಗೇ ಗೊತ್ತು.

ಆಫರ್ ಅಂದರೆ ಯಾವುದು? ಸುಮ್ನೆ ದರ ಹೇಳಿದ್ದೂ ಆಫರ್ ಆಗುತ್ತಾ?

ಆಗುವುದಿಲ್ಲ. “ನೀವು ಒಪ್ಪಿದರೆ ನಾನು ಕೊಟ್ಟೇ ಕೊಡುತ್ತೇನೆ” ಅನ್ನುವ ತಯಾರಿ ಆ ಮಾತಿನಲ್ಲಿ ಇರಬೇಕು. ಕೊಪ್ಪಿಕರ್ ರಸ್ತೆಯ ಅಂಗಡಿಯ ಗಾಜಿನ ಹಿಂದೆ ಸೀರೆಗೆ ಚೀಟಿ ಅಂಟಿಸಿದ್ದು, ಡೀಲರ್ ಕಳಿಸಿದ ದರಪಟ್ಟಿ, ಗ್ರೂಪಿನಲ್ಲಿ ಹಾಕಿದ “ಇವತ್ತಿನ ಭಾವ” ಇವೆಲ್ಲ ಬರೀ ಕರೆಯುವಿಕೆ. ಬನ್ನಿ, ಕೇಳಿ, ಮಾತಾಡೋಣ ಅಂತ. ಅದನ್ನು ನೋಡಿ ನೀವು “ಐವತ್ತು ಚೀಲ ಕಳಿಸಿ” ಅಂದರೆ ಆಗ ಆಫರ್ ಇಟ್ಟವರು ನೀವೇ. ಒಪ್ಪುವುದು ಬಿಡುವುದು ಅಂಗಡಿಯವರ ಕೈಯಲ್ಲಿ.

ಇದಕ್ಕೆ ನಮ್ಮ ಮಡಿಕೇರಿಯ ಒಂದು ಬಂಗಲೆಯ ವ್ಯಾಜ್ಯವೇ ಸಾಕ್ಷಿ. ಸುಪ್ರೀಂ ಕೋರ್ಟು 1951ರಲ್ಲಿ ತೀರ್ಪು ಕೊಟ್ಟ ಮ್ಯಾಕ್‌ಫರ್ಸನ್ ಮತ್ತು ಅಪ್ಪಣ್ಣ ಪ್ರಕರಣ ಅದು. ಮಾಲೀಕರು ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲ ಅಂತ ತಂತಿ ಕಳಿಸಿದ್ದರು. ಕೊಳ್ಳುವವರು ಹತ್ತು ಸಾವಿರಕ್ಕೆ ಒಪ್ಪಿದೆವು, ಕರಾರು ಆಯಿತು ಅಂತ ವಾದಿಸಿದರು. ಕಡಿಮೆ ಎಂದರೆ ಎಷ್ಟು ಅಂತ ಹೇಳಿದ್ದು ಮಾರುತ್ತೇನೆ ಅಂದಂತೆ ಆಗುವುದಿಲ್ಲ, ಅದು ಆಫರ್ ಅಲ್ಲ ಅಂತ ಕೋರ್ಟು ಹೇಳಿತು. “ಆರುನೂರರ ಕೆಳಗ ಆಗೂದಿಲ್ರಿ” ಅಂತ ನಮ್ಮ ಕಡೆ ದಿನಾ ಕೇಳುವ ಮಾತಿನ ಬೆಲೆಯೂ ಅಷ್ಟೇ.

ಹಾಗಾದರೆ ಕೊಟೇಶನ್?

ಕೊಟೇಶನ್ ಅಂತ ತಲೆಬರಹ ಇದ್ದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಒಳಗೆ ಏನಿದೆ ನೋಡಿ. ಮಾಲಿನ ವಿವರ, ಎಷ್ಟು ನಗ (ಪೀಸ್), ದರ, ಯಾವಾಗ ಕೊಡುತ್ತಾರೆ, ರೊಕ್ಕ ಯಾವಾಗ, ಯಾವ ತಾರೀಖಿನವರೆಗೆ ಈ ದರ ಅಂತೆಲ್ಲ ಇದ್ದು, ಕೊನೆಗೆ “ಆರ್ಡರ್ ಬಂದರೆ ಪೂರೈಸುತ್ತೇವೆ” ಅಂತಿದ್ದರೆ ಅದು ಬಹುಮಟ್ಟಿಗೆ ಆಫರ್. “ದರ ಬದಲಾಗಬಹುದು, ನಮ್ಮ ದೃಢೀಕರಣಕ್ಕೆ ಒಳಪಟ್ಟಿದೆ” ಅಂತ ಒಂದು ಸಾಲು ಇದ್ದರೆ ಅದು ಬರೀ ದರಪಟ್ಟಿ. ನಿಮ್ಮ ಆರ್ಡರ್ ಹೋದ ಮೇಲೆ ಅವರು ಹೂಂ ಅನ್ನುವವರೆಗೆ ಕರಾರು ಇಲ್ಲ.

ನಾನು ಪರ್ಚೇಸ್ ಆರ್ಡರ್ ಕಳಿಸಿದ್ದೇನೆ. ಅದು ಒಪ್ಪಿಗೆನಾ, ಹೊಸ ಆಫರಾ?

ಜಾಸ್ತಿ ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ, ಅದನ್ನೇ ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ಪಂಪಿನ ಹೊರಕವಚಕ್ಕೆ 400 ನಗ ಎರಕದ ಬಿಡಿಭಾಗ ಬೇಕಿತ್ತು. ಬೆಳಗಾವಿ ಕಡೆಯ ಒಂದು ಫೌಂಡ್ರಿಯಿಂದ ಕೊಟೇಶನ್ ಬಂತು. ನಗಕ್ಕೆ 620 ರೂಪಾಯಿ, ಲಾರಿ ಬಾಡಿಗೆ ಬೇರೆ, ರೊಕ್ಕ 30 ದಿನದಲ್ಲಿ, ದರ ತಿಂಗಳ 15ರವರೆಗೆ. ನಾನು 12ನೇ ತಾರೀಖಿಗೆ ಆರ್ಡರ್ ಕಳಿಸಿದೆ. ನಮ್ಮ ಅಚ್ಚು ಹಾಕಿದ ಫಾರಂನಲ್ಲಿ “ಬಾಡಿಗೆ ಸೇರಿ, ನಮ್ಮ ಗೇಟಿಗೆ ತಲುಪಿಸುವುದು, ರೊಕ್ಕ 45 ದಿನ” ಅಂತ ಮೊದಲೇ ಇತ್ತು. ದರದ ಕಡೆ 620 ಬರೆದೆ, ಸಹಿ ಹಾಕಿದೆ, ಕಳಿಸಿದೆ. 14ಕ್ಕೆ ಫೋನ್ ಬಂತು. “ಕಚ್ಚಾ ಕಬ್ಬಿಣ ತುಟ್ಟಿ ಆಗೇತ್ರಿ, 655 ಆಕ್ಕೇತಿ.”

ನನಗೆ ಸಿಟ್ಟು ಬಂತು. 15ರವರೆಗೆ ದರ ಅಂತ ನೀವೇ ಬರೆದಿದ್ದೀರಿ, ನಾನು 12ಕ್ಕೇ ಒಪ್ಪಿದ್ದೇನೆ ಅಂತ ಜಗಳ ಆಡಿದೆ. ಆಮೇಲೆ ಎರಡೂ ಕಾಗದ ಹಿಡಿದುಕೊಂಡು ವಕೀಲರ ಹತ್ತಿರ ಹೋದೆ. ಅವರು ಎರಡನ್ನೂ ಮೇಜಿನ ಮೇಲೆ ಜೋಡಿಸಿ ಇಟ್ಟರು. ಪೆನ್ಸಿಲ್ ತೆಗೆದು ಕೊಟೇಶನ್‌ನ ಬಾಡಿಗೆ ಸಾಲಿಗೆ ಒಂದು ಸುತ್ತು ಹಾಕಿದರು, ನಮ್ಮ ಆರ್ಡರಿನ ಬಾಡಿಗೆ ಸಾಲಿಗೆ ಇನ್ನೊಂದು. 30 ದಿನಕ್ಕೆ ಒಂದು, 45ಕ್ಕೆ ಒಂದು. “ನೀವು ಒಪ್ಪೇ ಇಲ್ಲಲ್ರೀ. ನೀವು ಹೊಸದು ಕೇಳೀರಿ” ಅಂದರು.

ಕರಾರು ಕಾಯ್ದೆಯ ಕಲಂ 7 ಹೇಳುವುದು ಇದನ್ನೇ. ಒಪ್ಪಿಗೆ ಪೂರ್ತಿ ಇರಬೇಕು, ಷರತ್ತಿಲ್ಲದೆ ಇರಬೇಕು. ಆಫರಿನಲ್ಲಿ ಒಂದು ಮುಖ್ಯ ಅಂಶ ಬದಲಿಸಿದರೂ ಅದು ಪ್ರತಿ ಆಫರ್, ಅಂದರೆ ಎದುರಿಗೆ ಇಟ್ಟ ಹೊಸ ಆಫರ್ (ಕೌಂಟರ್ ಆಫರ್). ಅದನ್ನು ಇಟ್ಟ ಕೂಡಲೇ ಹಳೇ ಆಫರ್ ಸತ್ತು ಹೋಗುತ್ತದೆ. ಆಮೇಲೆ “ಹೋಗಲಿ, ನಿಮ್ಮ ಮೊದಲಿನದೇ ಇರಲಿ” ಅಂದರೂ ಅದು ತಾನಾಗಿ ಜೀವ ಪಡೆಯುವುದಿಲ್ಲ. 1840ರ ಇಂಗ್ಲೆಂಡಿನ ಹೈಡ್ ಮತ್ತು ರೆಂಚ್ ಪ್ರಕರಣದಲ್ಲಿ ಒಂದು ಹೊಲ 1000 ಪೌಂಡಿಗೆ ಮಾರಾಟಕ್ಕಿತ್ತು. ಕೊಳ್ಳುವವರು 950 ಅಂದರು, ಮಾಲೀಕರು ಆಗಲ್ಲ ಅಂದರು. ಆಮೇಲೆ 1000 ಕೊಡುತ್ತೇನೆ ಅಂದರೂ ಕರಾರು ಆಗಲಿಲ್ಲ. ಭಾರತದ ಕೋರ್ಟುಗಳೂ ಇದೇ ತತ್ವ ಹಿಡಿದು ನಡೆಯುತ್ತವೆ.

ನಮಗೆ 400 ನಗಕ್ಕೆ 35 ರೂಪಾಯಿಯಂತೆ 14,000 ಹೆಚ್ಚಿಗೆ ಬಿತ್ತು, ಬಾಡಿಗೆಯೂ ನಮ್ಮ ತಲೆ ಮೇಲೆ. ಅಂದಿನಿಂದ ಆರ್ಡರ್ ಕಳಿಸುವ ಮೊದಲು ಎರಡೂ ಕಾಗದ ಪಕ್ಕ ಪಕ್ಕ ಇಟ್ಟು ಸಾಲು ಸಾಲು ಬೆರಳಿಟ್ಟು ಓದುತ್ತೇನೆ.

ಒಂದು ಮಾತು. ಬರೀ ವಿಚಾರಿಸುವುದು ಪ್ರತಿ ಆಫರ್ ಅಲ್ಲ. “45 ದಿನ ಟೈಮ್ ಕೊಡೋಕೆ ಆಗುತ್ತಾ?” ಅಂತ ಕೇಳಿದರೆ ಹಳೇ ಆಫರ್ ಹಾಗೇ ಉಳಿಯುತ್ತದೆ. “45 ದಿನಕ್ಕೆ ಆರ್ಡರ್ ಹಿಡೀರಿ” ಅಂದರೆ ಸತ್ತಿತು. ಹಾಗಾಗಿ ಚೌಕಾಸಿಯನ್ನು ಪ್ರಶ್ನೆಯ ರೂಪದಲ್ಲಿ ಮಾಡಿ.

ನನ್ನ ಆರ್ಡರಿನ ಹಿಂದೆ ನನ್ನ ಷರತ್ತು, ಅವರ ಬಿಲ್ಲಿನ ಹಿಂದೆ ಅವರ ಷರತ್ತು. ಯಾವುದು ನಡೆಯುತ್ತದೆ?

ಸಾಮಾನ್ಯವಾಗಿ, ಕೊನೆಗೆ ಬಂದ ಕಾಗದವನ್ನು ಎದುರಿನವರು ಸುಮ್ಮನೆ ಪಾಲಿಸಿ ಮುಂದುವರಿದರೆ ಆ ಕಾಗದದ ಷರತ್ತಿಗೆ ತೂಕ ಜಾಸ್ತಿ. ನಿಮ್ಮ ಆರ್ಡರ್ ನೋಡಿ ಅವರು ಬೇರೇನೂ ಹೇಳದೆ ಮಾಲು ಕಳಿಸಿದರೆ ಕಲಂ 8ರ ಪ್ರಕಾರ ಆ ಕೆಲಸವೇ ಒಪ್ಪಿಗೆ. ಅವರು “ನಮ್ಮ ಷರತ್ತಿನ ಮೇಲೆ” ಅಂತ ಬರೆದ ಪತ್ರ ಕಳಿಸಿ, ನೀವು ಅದನ್ನು ನೋಡಿ ಮಾಲು ಇಳಿಸಿಕೊಂಡರೆ ಮಾತು ತಿರುಗುತ್ತದೆ. ಕರಾರು ಆಗಿ ಹೋದ ಮೇಲೆ ಬಂದ ಬಿಲ್ಲಿನ ಹಿಂದಿನ ಸಣ್ಣ ಅಕ್ಷರ ಹಳೇ ಕರಾರನ್ನು ಒಬ್ಬರೇ ಬದಲಿಸಲು ಬರುವುದಿಲ್ಲ. ಆದರೂ ಪ್ರತಿ ಸಲ ಅದೇ ಬಿಲ್ಲು ತಕರಾರಿಲ್ಲದೆ ತೆಗೆದುಕೊಂಡು ವರ್ಷಗಟ್ಟಲೆ ನಡೆದಿದ್ದರೆ, ಅದೇ ನಿಮ್ಮಿಬ್ಬರ ರೂಢಿ ಅಂತ ಎದುರಿನವರು ವಾದಿಸಬಹುದು. ಬಿಲ್ಲು ತಿರುವಿ ಹಿಂಭಾಗ ಓದಿ.

“ಎರಡು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದ್ದೀರಿ ಅಂತ ತಿಳಿಯುತ್ತೇವೆ” ಅಂತ ಬರೆದಿದ್ದಾರೆ. ನಾನು ಸುಮ್ಮನಿದ್ದೆ.

ಭಯ ಬೇಡ. ಸುಮ್ಮನಿರುವುದು ಒಪ್ಪಿಗೆ ಅಲ್ಲ. ಉತ್ತರ ಕೊಡುವ ಹೊರೆಯನ್ನು ಯಾರೂ ನಿಮ್ಮ ಮೇಲೆ ಹೊರಿಸಲು ಬರುವುದಿಲ್ಲ. 1862ರ ಫೆಲ್ಟ್‌ಹೌಸ್ ಮತ್ತು ಬಿಂಡ್ಲಿ ಪ್ರಕರಣದಲ್ಲಿ ಒಬ್ಬ ಮಾವ ತನ್ನ ಅಣ್ಣನೋ ಅಕ್ಕನೋ ಮಗನಿಗೆ ಪತ್ರ ಬರೆದ: ಉತ್ತರ ಬರದಿದ್ದರೆ ಕುದುರೆ ನನ್ನದು ಅಂತ ತಿಳಿಯುತ್ತೇನೆ. ಹುಡುಗ ಉತ್ತರ ಬರೆಯಲಿಲ್ಲ. ಕುದುರೆ ಮಾವನದಾಗಲಿಲ್ಲ.

ಆದರೆ ಕೇಳದೇ ಬಂದ ಮಾಲನ್ನು ಬಿಚ್ಚಿ ಬಳಸಿದರೆ ಅದು ಸುಮ್ಮನಿದ್ದಂತಲ್ಲ. ನಡತೆಯೇ ಒಪ್ಪಿಗೆ ಆಗುತ್ತದೆ.

ವಾಟ್ಸಾಪಿನಲ್ಲಿ “ಓಕೆ” ಅಂದರೆ, ಇಲ್ಲ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದರೆ?

“ಓಕೆ” ಅಂದರೆ ಒಪ್ಪಿಗೆ ಆಗಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 10ಎ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಕರಾರು ಬಿದ್ದು ಹೋಗುವುದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಟ್ರೈಮೆಕ್ಸ್ ಪ್ರಕರಣದಲ್ಲಿ ಇ-ಮೇಲ್‌ಗಳಲ್ಲೇ ಬಾಕ್ಸೈಟ್ ಖರೀದಿಯ ಕರಾರು ಮುಗಿದಿದೆ, ಮುಂದೆ ದೊಡ್ಡ ಕರಾರು ಪತ್ರಕ್ಕೆ ಸಹಿ ಆಗದಿದ್ದರೂ ಅದು ಇಬ್ಬರನ್ನೂ ಕಟ್ಟಿಹಾಕುತ್ತದೆ ಅಂತ ಹೇಳಿತು.

ಹೆಬ್ಬೆರಳಿನ ಬಗ್ಗೆ ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ಒಂದು ಕೋರ್ಟು 2023ರಲ್ಲಿ ತೀರ್ಪು ಕೊಟ್ಟಿದೆ. ಮಾಲು ಯಾವುದು ಗೊತ್ತಾ? ನಾವು ರೊಟ್ಟಿ ಜೊತೆ ಚಟ್ನಿಪುಡಿ ಮಾಡಿ ತಿನ್ನುವ ಅಗಸಿ. ಖರೀದಿದಾರರು 87 ಟನ್ ಅಗಸಿಯ ಕರಾರಿನ ಫೋಟೋ ಕಳಿಸಿ ದೃಢಪಡಿಸಿ ಅಂದರು. ರೈತ ಹೆಬ್ಬೆರಳಿನ ಚಿತ್ರ ಹಾಕಿದ. ದರ ಏರಿತು, ಅಗಸಿ ಬರಲಿಲ್ಲ. “ನೋಡಿದ್ದೇನೆ ಅನ್ನುವ ಅರ್ಥದಲ್ಲಿ ಹಾಕಿದ್ದೆ” ಅಂತ ರೈತ ಹೇಳಿದರೂ, ಹಿಂದೆಯೂ ಇಬ್ಬರ ನಡುವೆ ಇಂಥ ಚಿಕ್ಕ ಉತ್ತರದಿಂದಲೇ ಕರಾರು ನಡೆದಿದ್ದರಿಂದ ಕೋರ್ಟು ಅದನ್ನು ಒಪ್ಪಿಗೆ ಅಂತ ಹಿಡಿಯಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟುವುದಿಲ್ಲ. ಆದರೆ ಅದರ ತರ್ಕ ನಮ್ಮ ಕಾಯ್ದೆಗೂ ಹೊಂದುತ್ತದೆ. ನೋಡಿದ್ದೀರಿ, ಒಪ್ಪಿಲ್ಲ ಅಂತಿದ್ದರೆ “ನೋಡಿದೆ, ತಿಳಿಸುತ್ತೇನೆ” ಅಂತ ಬರೆಯಿರಿ. ಎರಡೇ ಶಬ್ದ.

ಮೊಬೈಲು ಬದಲಿಸುವಾಗ ಚಾಟ್ ಅಳಿಸಬೇಡಿ. ಸ್ಕ್ರೀನ್‌ಶಾಟಿನ ಮುದ್ರಿತ ಪ್ರತಿ ಒಂದೇ ಸಾಲುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಬೇಕು.

ಫೋನಿನಲ್ಲಿ ಮಾತು ಮುಗಿಯಿತು. ದಾವೆ ಹಾಕಬೇಕಾದರೆ ಎಲ್ಲಿ ಹಾಕಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ ಹತ್ತಿಕಾಳಿನ ಹಿಂಡಿ ವ್ಯಾಪಾರದಿಂದ. ಎತ್ತಿಗೆ ಎಮ್ಮೆಗೆ ಹಾಕುವ ಅದೇ ಹಿಂಡಿ. ಅಹಮದಾಬಾದಿನವರು ಫೋನಿನಲ್ಲಿ ಆಫರ್ ಇಟ್ಟರು, ಖಾಮಗಾಂವದ ಗಿರಣಿಯವರು ಫೋನಿನಲ್ಲೇ ಒಪ್ಪಿದರು. ಮಾಲು ಬರಲಿಲ್ಲ. ಭಗವಾನದಾಸ ಕೇಡಿಯಾ ಪ್ರಕರಣದಲ್ಲಿ 1965ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಬಂತು: ಫೋನಿನಲ್ಲಿ ಒಪ್ಪಿಗೆ ಎಲ್ಲಿ ಕೇಳಿಸಿತೋ ಅಲ್ಲಿ ಕರಾರು ಹುಟ್ಟುತ್ತದೆ. ಅಂದರೆ ಆಫರ್ ಇಟ್ಟವರ ಊರಿನಲ್ಲಿ. ಹಾಗಾಗಿ ಅಹಮದಾಬಾದಿನಲ್ಲಿ ದಾವೆ ನಡೆಯಬಹುದು.

ಹುಬ್ಬಳ್ಳಿಯಿಂದ ನೀವು ಆಫರ್ ಇಟ್ಟು ಕೊಯಮತ್ತೂರಿನವರು ಫೋನಿನಲ್ಲಿ ಹೂಂ ಅಂದರೆ ಹುಬ್ಬಳ್ಳಿಯಲ್ಲೇ ದಾವೆ ಹಾಕಲು ನಿಮಗೆ ಆಧಾರ ಇರುತ್ತದೆ. ಆದರೆ ಅವರ ಕಾಗದದಲ್ಲಿ “ವ್ಯಾಜ್ಯ ಕೊಯಮತ್ತೂರಿನಲ್ಲಿ ಮಾತ್ರ” ಅಂತಿದ್ದು ಅದನ್ನು ನೀವು ಒಪ್ಪಿದ್ದರೆ ಅದೇ ನಡೆಯುತ್ತದೆ. ಆರಂಭದಲ್ಲೇ ಆ ಸಾಲು ನೋಡಿ.

ಅಂಚೆಗೆ ಲೆಕ್ಕ ಬೇರೆ. ಕರಾರು ಕಾಯ್ದೆಯ ಕಲಂ 4ರ ಪ್ರಕಾರ, ಒಪ್ಪಿಗೆ ಪತ್ರ ಡಬ್ಬಿಗೆ ಬಿದ್ದು ನಿಮ್ಮ ಕೈ ತಪ್ಪಿದ ಕೂಡಲೇ ಆಫರ್ ಇಟ್ಟವರು ಕಟ್ಟಿಬೀಳುತ್ತಾರೆ. ನೀವು ಕಟ್ಟಿಬೀಳುವುದು ಪತ್ರ ಅವರಿಗೆ ತಲುಪಿದಾಗ. ಆ ನಡುವೆ ನಿಮ್ಮ ಮನಸ್ಸು ಬದಲಾದರೆ ಪತ್ರ ತಲುಪುವ ಮೊದಲು ಫೋನ್ ಮಾಡಿ ರದ್ದು ಮಾಡಬಹುದು.

15ರವರೆಗೆ ದರ ಅಂತ ಬರೆದು 10ಕ್ಕೇ ವಾಪಸ್ ತೆಗೆದುಕೊಂಡರು. ಇದು ಸರೀನಾ?

ನ್ಯಾಯ ಅನ್ನಿಸದಿದ್ದರೂ ಕಾನೂನಿಗೆ ಸರಿ. ಕರಾರು ಕಾಯ್ದೆಯ ಕಲಂ 5ರ ಪ್ರಕಾರ ಒಪ್ಪಿಗೆ ಹೊರಡುವ ಮೊದಲು ಆಫರನ್ನು ಯಾವಾಗ ಬೇಕಾದರೂ ಹಿಂತೆಗೆಯಬಹುದು. 15ರವರೆಗೆ ತೆರೆದಿಡುತ್ತೇನೆ ಅನ್ನುವ ಮಾತಿಗೆ ನೀವು ಏನೂ ಕೊಟ್ಟಿಲ್ಲ, ಹಾಗಾಗಿ ಅದು ಅವರನ್ನು ಕಟ್ಟಿಹಾಕುವುದಿಲ್ಲ. ದರ ಹಿಡಿದಿಡಲೇಬೇಕು ಅಂತಿದ್ದರೆ ಸ್ವಲ್ಪ ಮುಂಗಡ ಕೊಟ್ಟು “ಇದು 15ರವರೆಗೆ ದರ ಹಿಡಿದಿಡಲು” ಅಂತ ಬರೆಸಿಕೊಳ್ಳಿ. ಇನ್ನೊಂದು, ಹಿಂತೆಗೆದ ಸುದ್ದಿ ನಿಮಗೆ ತಲುಪಬೇಕು. ಅವರ ಮನಸ್ಸಿನಲ್ಲೇ ಹಿಂತೆಗೆದರೆ ಲೆಕ್ಕಕ್ಕಿಲ್ಲ.

ಬ್ಯಾಡಗಿ ಪೇಟೆಯಲ್ಲಿ ಟೆಂಡರ್ ಹಾಕಿದಾಗ ಆಫರ್ ಯಾರದು?

ಖರೀದಿದಾರರದು. ರಾಶಿ ಹಾಕಿದ ಚೀಲದ ಮುಂದೆ ನಿಂತು ಡಬ್ಬಿ ತಳಿಯೋ ಕಡ್ಡಿ ತಳಿಯೋ ನೋಡಿ, ಕಾಯಿ ಮುರಿದು ಬಣ್ಣ ಪರೀಕ್ಷೆ ಮಾಡಿ ನೀವು ಹಾಕುವ ದರ ಒಂದು ಆಫರ್. ಜಾಸ್ತಿ ದರ ಹಾಕಿದ ಮಾತ್ರಕ್ಕೆ ಮಾಲು ನಿಮ್ಮದಲ್ಲ. ಬೆಳೆದವರು ಆ ದರ ಒಪ್ಪಬೇಕು. ಕೂಗಿ ಮಾಡುವ ಹರಾಜಿಗೆ ಸರಕು ಮಾರಾಟ ಕಾಯ್ದೆಯ ಕಲಂ 64 ಇದೆ. ಸುತ್ತಿಗೆ ಬೀಳುವವರೆಗೆ, ಇಲ್ಲವೇ ರೂಢಿಯ ಬೇರೆ ರೀತಿಯಲ್ಲಿ ಮುಗಿಯಿತು ಅಂತ ಸಾರುವವರೆಗೆ ಕೂಗಿದವರು ತಮ್ಮ ಕೂಗನ್ನು ಹಿಂತೆಗೆಯಬಹುದು. ಎಪಿಎಂಸಿ ಟೆಂಡರಿಗೆ ಅದರದೇ ನಿಯಮಗಳೂ ಇವೆ, ಅವು ಮೊದಲು.

ಸ್ಯಾಂಪಲ್ ತೋರಿಸಿ ಮಾರಿದ್ದರೆ ಸರಕು ಮಾರಾಟ ಕಾಯ್ದೆಯ ಕಲಂ 17 ನಿಮ್ಮ ಕಡೆ ಇದೆ. ಉಳಿದ ಮಾಲೂ ಸ್ಯಾಂಪಲ್ಲಿನಂತೆಯೇ ಇರಬೇಕು. ಆ ಒಂದು ಹಿಡಿ ಕಾಯಿಯನ್ನು ಸೀಲ್ ಮಾಡಿ ಇಟ್ಟುಕೊಳ್ಳಿ.

ದರ ಮಾತಾಡದೇ ಮಾಲು ತರಿಸಿದೆವು. ಈಗ ಬಾಯಿಗೆ ಬಂದ ದರ ಹಾಕಿದ್ದಾರೆ.

ಹಾಕಲು ಬರುವುದಿಲ್ಲ. ದರ ಗೊತ್ತುಮಾಡದಿದ್ದರೆ ನ್ಯಾಯವಾದ ದರ ಕೊಡಬೇಕು ಅಂತ ಸರಕು ಮಾರಾಟ ಕಾಯ್ದೆಯ ಕಲಂ 9 ಹೇಳುತ್ತದೆ. ಆ ದಿನದ ಪೇಟೆ ದರ ತೋರಿಸಿ.

ನಮ್ಮ ಗುಮಾಸ್ತ ಹೂಂ ಅಂದುಬಿಟ್ಟ. ನಾನು ಬದ್ಧನಾ?

ಇಷ್ಟು ದಿನ ಅವನೇ ಆರ್ಡರ್ ಕೊಡುತ್ತಿದ್ದರೆ, ಹೌದು. ಅವನಿಗೆ ಅಧಿಕಾರ ಇದೆ ಅಂತ ಎದುರಿನವರು ನಂಬುವ ಹಾಗೆ ನಡೆದುಕೊಂಡವರು ನೀವು. ಪಾಲುದಾರಿಕೆ ಅಂಗಡಿಯಾದರೆ 1932ರ ಕಾಯ್ದೆ ಪ್ರಕಾರ ನಿತ್ಯದ ವ್ಯಾಪಾರದಲ್ಲಿ ಒಬ್ಬ ಪಾಲುದಾರ ಒಪ್ಪಿದರೆ ಇಡೀ ಫರ್ಮ್ ಒಪ್ಪಿದಂತೆ. ಮಿತಿ ಹಾಕಿದ್ದರೆ ಮಾರುವವರಿಗೆ ಮೊದಲೇ ಬರೆದು ತಿಳಿಸಿ.

ಆಫರ್ ಒಪ್ಪುವುದು, ಮಾಲು ಒಪ್ಪುವುದು ಎರಡೂ ಒಂದೇನಾ?

ಬೇರೆ ಬೇರೆ. ಮೊದಲನೆಯದರಿಂದ ಕರಾರು ಹುಟ್ಟುತ್ತದೆ. ಎರಡನೆಯದು ಬಂದ ಮಾಲು ಸರಿ ಇದೆ ಅಂತ ತೆಗೆದುಕೊಳ್ಳುವುದು. ಲಾರಿ ಬಂದಾಗ ಚಲನ್ ಮೇಲೆ ಸಹಿ ಹಾಕಿದರೆ ಮಾಲು ಒಪ್ಪಿದಂತೆ ಆಗಲೇಬೇಕೆಂದಿಲ್ಲ, ಪರೀಕ್ಷಿಸಲು ನಿಮಗೆ ಅವಕಾಶ ಇರಬೇಕು. ಆದರೆ ಸಮಯ ಕಳೆದರೂ ಬೇಡ ಅನ್ನದೆ ಇಟ್ಟುಕೊಂಡರೆ, ಇಲ್ಲವೇ ಬಳಸಿದರೆ, ಒಪ್ಪಿದಂತೆಯೇ. ಬೇಡವಾದರೆ ಬೇಡ ಅಂತ ತಿಳಿಸಿದರೆ ಸಾಕು, ಮಾಲನ್ನು ವಾಪಸ್ ಸಾಗಿಸುವ ಹೊಣೆ ನಿಮ್ಮದಲ್ಲ. ನಾವು ಚಲನ್ ಮೇಲೆ “ನಗ ಎಣಿಸಿದೆ, ಗುಣಮಟ್ಟ ನೋಡಬೇಕಿದೆ” ಅಂತ ಬರೆದೇ ಸಹಿ ಹಾಕುತ್ತಿದ್ದೆವು.

ಮಾರಿದವರು ಉದ್ಯಮ್ ನೋಂದಣಿ ಇರುವ ಮೈಕ್ರೋ ಅಥವಾ ಸಣ್ಣ ತಯಾರಿಕಾ ಘಟಕ ಆಗಿದ್ದರೆ ತಕರಾರನ್ನು ಮಾಲು ಬಂದ 15 ದಿನದೊಳಗೆ ಬರಹದಲ್ಲಿ ಕಳಿಸಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಮಾರಿದವರು ಆ ತಕರಾರನ್ನು ಬಗೆಹರಿಸಿದ ದಿನದಿಂದ ರೊಕ್ಕದ ಗಡುವು ಎಣಿಕೆಯಾಗುತ್ತದೆ, ತಕರಾರು ಕಳಿಸದಿದ್ದರೆ ಮಾಲು ಬಂದ ದಿನದಿಂದಲೇ. ನೀವಿಬ್ಬರೂ ಏನೇ ಬರೆದುಕೊಂಡರೂ ಉದ್ರಿ 45 ದಿನ ದಾಟುವ ಹಾಗಿಲ್ಲ.

ಮಾಲನ್ನಲ್ಲ, ಇಡೀ ಪ್ರೆಸ್ಸನ್ನೇ ಕೊಳ್ಳುತ್ತಿದ್ದೇನೆ. ಮೆಸೇಜಿನಲ್ಲಿ ಒಪ್ಪಿದರೆ ಸಾಕಾ?

ಗದಗಿನ ಒಬ್ಬರು ಇದನ್ನು ಕೇಳಿದ್ದರು. ಯಂತ್ರ, ಹೆಸರು, ಗಿರಾಕಿ, ಬಾಕಿ, ಕಟ್ಟಡ ಎಲ್ಲ ಸೇರಿದ ವ್ಯವಹಾರ. ಇಲ್ಲಿ ಅವಸರದ ಹೂಂ ಬೇಡ. ಪ್ರತಿ ಮೆಸೇಜಿನಲ್ಲೂ “ಕರಾರು ಪತ್ರಕ್ಕೆ ಇಬ್ಬರೂ ಸಹಿ ಮಾಡಿದ ಮೇಲೆಯೇ ಇದು ಜಾರಿ” ಅಂತ ಬರೆಯಿರಿ. ಆ ಸಾಲು ಇದ್ದರೆ ಅದುವರೆಗಿನ ಮಾತು ಬರೀ ಮಾತುಕತೆ. ಕಟ್ಟಡ, ಜಾಗ ಇದ್ದರೆ ನೋಂದಣಿ ಆಗದ ಹೊರತು ನಿಮ್ಮ ಹೆಸರಿಗೆ ಬರುವುದಿಲ್ಲ. ಇದಕ್ಕೆ ವಕೀಲರನ್ನು ಮೊದಲ ದಿನವೇ ಕೂರಿಸಿಕೊಳ್ಳಿ.

ಒಪ್ಪಿದ ಮೇಲೆ ಮಾಲು ಕಳಿಸಲಿಲ್ಲ. ಏನು ಸಿಗುತ್ತದೆ?

ಸಾಮಾನ್ಯವಾಗಿ ಕರಾರಿನ ದರ ಮತ್ತು ಮಾಲು ಬರಬೇಕಿದ್ದ ದಿನದ ಪೇಟೆ ದರದ ವ್ಯತ್ಯಾಸ. ಇದು ಕರಾರು ಕಾಯ್ದೆಯ ಕಲಂ 73. 2018ರ ತಿದ್ದುಪಡಿಯ ನಂತರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 20ರಂತೆ ಕನಿಷ್ಠ 30 ದಿನದ ಬರಹದ ನೋಟಿಸ್ ಕೊಟ್ಟು, ಬೇರೆಯವರಿಂದ ಮಾಲು ತರಿಸಿ ಆ ಖರ್ಚನ್ನೂ ಕೇಳಬಹುದು. ದಾವೆಗೆ ಮೂರು ವರ್ಷದ ಗಡುವು. 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಆದೇಶ ಬೇಡದಿದ್ದಾಗ, ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಅಲ್ಲೇ ಕೂತು ಮಾತಾಡಿ ಮುಗಿಸಿಕೊಂಡವರನ್ನು ನೋಡಿದ್ದೇನೆ. ಮುಂದೆಯೂ ಅವರು ಒಬ್ಬರಿಗೊಬ್ಬರು ಮಾಲು ಕೊಟ್ಟಿದ್ದಾರೆ.

ಒಪ್ಪಿಗೆಯ ಮೆಸೇಜು ಹೇಗಿರಬೇಕು? ಒಂದು ಮಾದರಿ ಕೊಡಿ.

ನಾನು ಕಳಿಸುತ್ತಿದ್ದದ್ದು ಹೀಗೆ:

“ನಮಸ್ಕಾರ್ರಿ. ನಿಮ್ಮ 5ನೇ ತಾರೀಖಿನ ಕೊಟೇಶನ್ ಪೂರ್ತಿ ಓದಿದ್ದೇನೆ. 400 ನಗ, ನಗಕ್ಕೆ 620 ರೂಪಾಯಿ, ಜಿಎಸ್‌ಟಿ ಬೇರೆ, ಬಾಡಿಗೆ ನಮ್ಮದು, ರೊಕ್ಕ ಮಾಲು ಬಂದ 30 ದಿನದಲ್ಲಿ, ಡೆಲಿವರಿ 28ರೊಳಗೆ. ಇದರಲ್ಲಿ ಏನನ್ನೂ ಬದಲಿಸದೆ ಒಪ್ಪಿದ್ದೇನೆ. ನಮ್ಮ ಆರ್ಡರ್ ಫಾರಂನಲ್ಲಿ ಬೇರೆ ಏನಾದರೂ ಅಚ್ಚಾಗಿದ್ದರೆ ಅದು ಈ ಆರ್ಡರಿಗೆ ಅನ್ವಯಿಸುವುದಿಲ್ಲ. ಮುಟ್ಟಿದ್ದಕ್ಕೆ ಒಂದು ಉತ್ತರ ಹಾಕ್ರಿ.”